ಡುಬಿಯಾ ಜಿರಳೆ ಡಬ್ಬಿ ಹತ್ತುವುದಿಲ್ಲ ಏಕೆ?

ಪ್ರಶ್ನೆ: ಸಾಕಿದ ಗೆಕ್ಕೊ ಹಲ್ಲಿಗೆ ಆಹಾರವೆಂದು ಮನೆಯಲ್ಲಿ ಡುಬಿಯಾ ಜಿರಳೆ ಬೆಳೆಸುತ್ತಿದ್ದೇವೆ. ಅಡುಗೆಮನೆಯ ಜಿರಳೆ ಗಾಜನ್ನೂ ಸರಸರನೆ ಏರುತ್ತದೆ. ಇವು ಮಾತ್ರ ಪ್ಲಾಸ್ಟಿಕ್ ಡಬ್ಬಿಯ ಗೋಡೆ ಹತ್ತುವುದಿಲ್ಲ, ಏಕೆ? – ಓದುಗರೊಬ್ಬರು, ಮಂಗಳೂರು

ವ್ಯತ್ಯಾಸವಿರುವುದು ಪಾದದ ತುದಿಯಲ್ಲಿ. ಎಲ್ಲ ಜಿರಳೆಗಳಿಗೂ ಅಲ್ಲಿ ಎರಡು ಉಗುರುಗಳಿರುತ್ತವೆ. ಒರಟು ಗೋಡೆ, ಮರ ಹತ್ತಲು ಅಷ್ಟೇ ಸಾಕು. ನುಣುಪು ಗಾಜಿನಲ್ಲಿ ಉಗುರಿಗೆ ಹಿಡಿತ ಸಿಗದು. ಅಲ್ಲಿ ನೆರವಾಗುವುದು ಉಗುರುಗಳ ನಡುವಿನ ಮೆತ್ತನೆಯ ಪುಟ್ಟ ದಿಂಬು. ಅಡುಗೆಮನೆಯ ಜಿರಳೆ ಅದನ್ನು ಗಾಜಿಗೆ ಒತ್ತಿದಾಗ ನಡುವೆ ದ್ರವದ ತೆಳು ಪದರ ಹರಡುತ್ತದೆ. ಮಳೆಗಾಲದಲ್ಲಿ ಒದ್ದೆ ಎಲೆ ಕಾರಿನ ಗಾಜಿಗೆ ಅಂಟಿಕೊಳ್ಳುವಂತೆ ಪಾದ ಅಂಟಿಕೊಳ್ಳುತ್ತದೆ. ದಕ್ಷಿಣ ಅಮೆರಿಕ ಮೂಲದ, ನೆಲದ ಮೇಲೆ ಬಾಳುವ ಡುಬಿಯಾಕ್ಕೆ ಹೀಗೆ ಕೆಲಸ ಮಾಡುವ ದಿಂಬಿಲ್ಲ. ಅದಕ್ಕೇ ಜಾರಿ ಬೀಳುತ್ತದೆ. ಆದರೆ ಗೋಡೆಗೆ ಕೊಳೆ ಮೆತ್ತಿದರೆ ಉಗುರಿಗೆ ಆಸರೆ ಸಿಗುತ್ತದೆ, ಮರಿಗಳು ಮೇಲೇರಿಬಿಡಬಹುದು. ಡಬ್ಬಿಯ ಒಳಬದಿಯನ್ನು ಆಗಾಗ ಒರೆಸುತ್ತಿರಿ.

ಡುಬಿಯಾಗಳು ಚೆನ್ನಾಗಿ ಮರಿಹಾಕಲು 30 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಮಂಗಳೂರಿನ ಸೆಕೆ ಅದಕ್ಕೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಮಾತ್ರ ಜಿರಳೆ ಅಡಗಲೆಂದು ಡಬ್ಬಿಯೊಳಗಿಟ್ಟ ಮೊಟ್ಟೆ ಟ್ರೇಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಳಕ್ಕೆ ಜಾಲರಿ ಹಾಕಿ, ಉಳಿದ ಹಣ್ಣಿನ ತುಂಡನ್ನು ಮರುದಿನವೇ ತೆಗೆಯಿರಿ. ಜಿರಳೆಯ ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆ. ಕ್ಯಾಲ್ಸಿಯಂ ಪುಡಿ ಸವರಿಯೇ ಗೆಕ್ಕೊಗೆ ಕೊಡಿ.

ಅಡುಗೆಮನೆಯ ಜಿರಳೆಯನ್ನು ಹಿಡಿದು ತಿನ್ನಿಸಬೇಡಿ, ಅದರ ಮೈಯಲ್ಲಿ ಕೀಟನಾಶಕ ಇರಬಹುದು. ಇನ್ನು ಗೆಕ್ಕೊ ಸಾಕಿದಂತೆ ನಮ್ಮದೇ ನಾಡಿನ ಗೋಸುಂಬೆ, ಉಡ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.