ಅಡಿಕೆ ತೋಟದ ಸಂವೇದಕಗಳು: ಅಳತೆ ತೋಟದಲ್ಲಿಯೇ, ಕಲಿಕೆ ಊರಿಗೆಲ್ಲ

ಕರಾವಳಿಯ ಅಡಿಕೆ ಬೆಳೆಗಾರರಿಗೆ ಮುಂಗಾರಿನ ದೊಡ್ಡ ಚಿಂತೆ ಕೊಳೆರೋಗ. ಉಷ್ಣಾಂಶ 20ರಿಂದ 23 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿಯ ತೇವಾಂಶ ಶೇ. 90ನ್ನು ಮೀರಿ, ಮಳೆ ಬಿಸಿಲು ಒಂದರ ಹಿಂದೊಂದು ಬಂದಾಗ ಇದು ವೇಗವಾಗಿ ಹರಡುತ್ತದೆ. ಶೇ. 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮೊದಲು ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕೆಂಬುದು ಶಿಫಾರಸು. ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಡುವುದು ಕೆಲವೇ ಗಂಟೆ. ಮರವೇರುವ ಕಾರ್ಮಿಕರು ಆ ಹೊತ್ತಿಗೆ ದೊರೆಯುವುದು ಇನ್ನೂ ಕಷ್ಟ. ಅಪಾಯ ಯಾವ ತೋಟದಲ್ಲಿ ಮೊದಲು ಎಂಬುದು ಎರಡು ದಿನ ಮುಂಚೆ ತಿಳಿದರೂ ಉಪಕಾರವೇ.

ತೇವಾಂಶ, ಉಷ್ಣಾಂಶ ಮತ್ತು ಮಳೆ ಅಳೆಯುವ ಸಂವೇದಕಗಳು ಈ ಕೆಲಸಕ್ಕೆ ಒದಗುತ್ತವೆ. ಆದರೆ ಒಂದು ತೋಟದ ಅಳತೆ ಸಾಲದು. ಹಲವು ತೋಟಗಳ ಅನುಭವ ಸೇರಬೇಕು. ಎಲ್ಲವನ್ನೂ ದೂರದ ಕಂಪ್ಯೂಟರಿಗೆ ಕಳುಹಿಸೋಣವೆಂದರೆ ಮಳೆಗಾಲದಲ್ಲಿ ಸಂಪರ್ಕ ಕಡಿಯುತ್ತದೆ. ಮೇಲಾಗಿ ಫಸಲು, ರೋಗ, ಖರ್ಚಿನ ವಿವರ ರೈತರ ಸ್ವತ್ತು. ಅದು ಪರರ ಕೈಸೇರಿದರೆ ಧಾರಣೆಯ ಮಾತುಕತೆಯಲ್ಲಿ ರೈತರಿಗೇ ನಷ್ಟವಾದೀತು.

ಫೆಡರೇಟೆಡ್ ಲರ್ನಿಂಗ್, ಅಂದರೆ ಒಕ್ಕೂಟ ಕಲಿಕೆಯಲ್ಲಿ, ಅಳತೆಗಳು ತೋಟದ ಸಾಧನದಲ್ಲಿಯೇ ಉಳಿಯುತ್ತವೆ. ಮುನ್ಸೂಚನೆಯ ಲೆಕ್ಕಾಚಾರದ ಮಾದರಿಯೊಂದು ಪ್ರತಿ ತೋಟಕ್ಕೂ ಬಂದು, ಅಲ್ಲಿಯ ಅಳತೆಗಳಿಂದ ತನ್ನನ್ನು ತಿದ್ದಿಕೊಳ್ಳುತ್ತದೆ. ಹೊರಗೆ ಹೋಗುವುದು ಆ ತಿದ್ದುಪಡಿಯ ಅಂಕಿಗಳು ಮಾತ್ರ. ಎಲ್ಲ ತೋಟಗಳ ತಿದ್ದುಪಡಿಗಳ ಸರಾಸರಿಯಿಂದ ಹೊಸ ಮಾದರಿ ರೂಪುಗೊಂಡು ಮರಳಿ ಬರುತ್ತದೆ. ಮೊಬೈಲ್ ಕೀಲಿಮಣೆಯಲ್ಲಿ ಇದನ್ನು ಪರೀಕ್ಷಿಸುತ್ತಿರುವುದಾಗಿ ಗೂಗಲ್ ಸಂಸ್ಥೆ 2017ರಲ್ಲಿಯೇ ಪ್ರಕಟಿಸಿತ್ತು.

ಮಾದರಿ ತೋಟವನ್ನು ತಲುಪುವ ದಾರಿ ಎರಡನೆಯ ಪ್ರಶ್ನೆ. ಬಂಟ್ವಾಳದ ಕೃಷಿಕರೊಬ್ಬರಿಗೆ ಮೈಲುತುತ್ತು ಬೇಕಿದೆ ಎನ್ನೋಣ. ಕಂಕನಾಡಿಯ ಇಂಥ ಅಂಗಡಿಯಿಂದಲೇ ತರಬೇಕೆಂದು ಪಂಪ್‌ವೆಲ್ ದಾರಿಯಾಗಿ ಹೊರಟರೆ, ಜೋರು ಮಳೆಗೆ ಆ ವೃತ್ತದಲ್ಲಿ ನೀರು ನಿಂತ ದಿನ ಪಯಣವೂ ಅಲ್ಲಿಯೇ ನಿಲ್ಲುತ್ತದೆ. ಮೈಲುತುತ್ತು ಎಲ್ಲಿಯದಾದರೂ ಸರಿ ಎಂದರೆ ಬಿ.ಸಿ. ರೋಡಿನಲ್ಲಿಯೋ ಊರಿನ ಸಹಕಾರಿ ಸಂಘದಲ್ಲಿಯೋ ದೊರೆತೀತು. ಚೀಲದ ಮುದ್ರೆ ಸಾಚಾ ಇದ್ದರಾಯಿತು. ಇಂದಿನ ಅಂತರಜಾಲ ಕೇಳುವುದು ಅಂಗಡಿಯ ವಿಳಾಸವನ್ನು. ವ್ಯಾನ್ ಜೇಕಬ್‌ಸನ್ ಮತ್ತು ಸಂಗಡಿಗರು 2009ರಲ್ಲಿ ಮಂಡಿಸಿದ ವಿಷಯಾಧಾರಿತ ಜಾಲ ಕೇಳುವುದು ಸರಕಿನ ಹೆಸರನ್ನು. ‘ಬಂಟ್ವಾಳ/ಅಡಿಕೆ/ಕೊಳೆರೋಗ/ಮಾದರಿ-12’ ಎಂದು ಸಾಧನವು ಕೇಳಿದರೆ, ಆ ಪ್ರತಿಯನ್ನು ಈಗಾಗಲೇ ಪಡೆದ ನೆರೆತೋಟದ ಸಾಧನವೇ ಕೊಡಬಲ್ಲದು. ಪ್ರತಿ ತುಣುಕಿಗೂ ತಯಾರಕರ ಡಿಜಿಟಲ್ ಸಹಿ ಇರುವುದರಿಂದ ಕೊಟ್ಟವರು ಯಾರೆಂಬುದು ಮುಖ್ಯವಲ್ಲ. ಹೆಸರಿನ ಕೊನೆಯ ಸಂಖ್ಯೆ ಹಳೆಯ ಪ್ರತಿಯನ್ನು ಹೊಸದೆಂದು ಬಳಸದಂತೆ ತಡೆಯುತ್ತದೆ.

ಈ ಲಾಭ ಮಾದರಿ ಇಳಿದು ಬರುವಾಗಲೇ ಹೆಚ್ಚು. ತಿದ್ದುಪಡಿಗಳು ತೋಟಕ್ಕೊಂದರಂತೆ ಬೇರೆಯಾಗಿರುವುದರಿಂದ ಅವು ಮೇಲೇರುವಾಗ ನೆರೆಯವರ ಪ್ರತಿ ನೆರವಾಗದು. ಕೆಟ್ಟ ಸಂವೇದಕವೊಂದು ಸರಾಸರಿಯನ್ನೇ ಕೆಡಿಸಬಹುದು. ತಿದ್ದುಪಡಿಯ ಅಂಕಿಗಳಿಂದಲೂ ತೋಟದ ಸುಳಿವು ಸ್ವಲ್ಪ ಹೊರಬೀಳುವ ಸಾಧ್ಯತೆಯಿದ್ದು, ಅವುಗಳನ್ನು ಗುಪ್ತಲಿಪಿಯಲ್ಲಿಯೇ ಒಟ್ಟುಗೂಡಿಸುವ ವಿಧಾನಗಳೂ ಇವೆ. ಎರಡೂ ತಂತ್ರಗಳ ಜೋಡಣೆ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಇದರ ಹೆಸರಿನಲ್ಲಿ ಯಾರಾದರೂ ಸಾಧನ ಮಾರಲು ಬಂದರೆ, ಅಳತೆಗಳು ಎಲ್ಲಿ ಉಳಿಯುತ್ತವೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ವಿಸ್ತರಣಾ ಕಾರ್ಯಕರ್ತರು ಈ ಮಳೆಗಾಲದಲ್ಲಿಯೇ ಮಾಡಿಸಬಹುದಾದ ಕೆಲಸವೊಂದಿದೆ. ಕೊಳೆತ ಕಾಯಿ ಮೊದಲು ಉದುರಿದ ದಿನ, ಸಿಂಪಡಣೆಯ ದಿನ ಮತ್ತು ದಿನದ ಮಳೆಯ ಪ್ರಮಾಣವನ್ನು ತೋಟವಾರು ಬರೆದಿಡಿಸಿರಿ. ರೋಗ ಬಂದ ದಿನಾಂಕ ದಾಖಲಾಗದಿದ್ದರೆ ಸಂವೇದಕದ ಅಳತೆ ಎಷ್ಟಿದ್ದರೂ ಯಂತ್ರಕ್ಕೆ ಕಲಿಯಲು ಏನೂ ಇರುವುದಿಲ್ಲ.