ಬಿಡುಗಡೆಗೆ ಮುನ್ನವೇ ಬಳಗ: ಫೈರ್‌ಫಾಕ್ಸ್ ಕಲಿಸಿದ ಪಾಠ

ಹೊಸ ತಂತ್ರಾಂಶವೊಂದನ್ನು ಸಿದ್ಧಪಡಿಸುವುದು ಒಂದು ಸಾಹಸವಾದರೆ, ಅದನ್ನು ಜನರಿಗೆ ತಲುಪಿಸುವುದು ಇನ್ನೊಂದು ಸಾಹಸ. ಜಾಹೀರಾತಿಗೆ ಹಣವಿಲ್ಲದ ಸಣ್ಣ ಸಂಸ್ಥೆಗಳು ಎಡವುವುದು ಈ ಎರಡನೆಯ ಹಂತದಲ್ಲಿಯೇ. ಅಂತರ್ಜಾಲದ ಚರ್ಚಾ ವೇದಿಕೆಗಳಲ್ಲಿ ಒಂದು ಪ್ರಕಟಣೆ ಹಾಕಿಬಿಟ್ಟರೆ ಕೆಲಸ ಮುಗಿಯಿತೆಂದು ಭಾವಿಸುವವರು ಹಲವರು. ಎಷ್ಟೋ ಬಾರಿ ಮರುದಿನದ ಹೊತ್ತಿಗೆ ನಿರ್ವಾಹಕರು ಅದನ್ನು ಅಳಿಸಿ ಹಾಕಿರುತ್ತಾರೆ. ಸಂಸ್ಥೆಗೆ ಅಂಟಿದ ಕೆಟ್ಟ ಹೆಸರು ಮಾತ್ರ ಉಳಿಯುತ್ತದೆ.

ಹಾಗಾದರೆ ಅಂತರ್ಜಾಲದ ಸಮುದಾಯಗಳ ಮೂಲಕ ತಂತ್ರಾಂಶ ಬಿಡುಗಡೆ ಮಾಡುವುದು ಹೇಗೆ? 2004ರಲ್ಲಿ ಹೊರಬಂದ ಫೈರ್‌ಫಾಕ್ಸ್ ಬ್ರೌಸರ್ ಇದಕ್ಕೆ ಇಂದಿಗೂ ಉತ್ತಮ ಉದಾಹರಣೆ.

ಬಲಾಢ್ಯನ ಎದುರು

ಆ ದಿನಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಬಳಸುತ್ತಿದ್ದುದು ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್. ವಿಂಡೋಸ್ ಜತೆಗೇ ಬರುತ್ತಿದ್ದ ಅದಕ್ಕೆ ಪ್ರತ್ಯೇಕ ಪ್ರಚಾರವೇ ಬೇಕಿರಲಿಲ್ಲ. ಇತ್ತ ಮೊಜಿಲ್ಲಾ ಯೋಜನೆ, 1998ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ತನ್ನ ಬ್ರೌಸರಿನ ಮೂಲ ಸಂಕೇತವನ್ನು ಬಹಿರಂಗಗೊಳಿಸಿದಾಗ ಹುಟ್ಟಿದ್ದು. 2003ರ ಜುಲೈನಲ್ಲಿ ಅದು ಲಾಭರಹಿತ ಪ್ರತಿಷ್ಠಾನವಾದಾಗ ಎಒಎಲ್ ಸಂಸ್ಥೆ ನೀಡಿದ 20 ಲಕ್ಷ ಡಾಲರ್ ನೆರವೇ ಮುಖ್ಯ ಬಂಡವಾಳವಾಗಿತ್ತು. ಆದರೆ ವರ್ಷಗಳಿಂದ ಪರೀಕ್ಷಾರ್ಥ ಆವೃತ್ತಿಗಳನ್ನು ಬಳಸಿ, ದೋಷಗಳನ್ನು ಹುಡುಕಿ ತಿಳಿಸುತ್ತಿದ್ದ ಸ್ವಯಂಸೇವಕರ ಬಳಗ ಅದರ ಬೆನ್ನಿಗಿತ್ತು.

ಆರಂಭದಲ್ಲಿ ಎಡವಟ್ಟುಗಳೂ ನಡೆದವು. 'ಫೀನಿಕ್ಸ್' ಎಂಬ ಮೊದಲ ಹೆಸರಿಗೆ ವಾಣಿಜ್ಯ ಮುದ್ರೆಯ ತಕರಾರು ಎದುರಾಯಿತು. 2003ರಲ್ಲಿ ಇಟ್ಟ 'ಫೈರ್‌ಬರ್ಡ್' ಎಂಬ ಹೆಸರು ಆಗಲೇ ಒಂದು ಮುಕ್ತ ದತ್ತಾಂಶ ತಂತ್ರಾಂಶದ್ದಾಗಿತ್ತು. ಆ ಯೋಜನೆಯ ಬೆಂಬಲಿಗರು ಸಿಡಿದೆದ್ದರು. 2004ರ ಫೆಬ್ರವರಿಯಲ್ಲಿ 'ಫೈರ್‌ಫಾಕ್ಸ್' ಎಂಬ ಹೆಸರು ಸ್ಥಿರವಾಯಿತು. ಸಮುದಾಯವನ್ನು ನೆಚ್ಚುವವರು ಇನ್ನೊಂದು ಸಮುದಾಯದ ಸ್ವತ್ತನ್ನು ಗೌರವಿಸಬೇಕೆಂಬುದು ಇಲ್ಲಿನ ಮೊದಲ ಪಾಠ.

ಎಲ್ಲರಿಗೂ ಒಂದೊಂದು ಕೆಲಸ

2004ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ-ಪೂರ್ವ ಆವೃತ್ತಿಯೊಂದಿಗೆ 'ಸ್ಪ್ರೆಡ್ ಫೈರ್‌ಫಾಕ್ಸ್' ಎಂಬ ಪ್ರಚಾರ ಜಾಲತಾಣ ಆರಂಭವಾಯಿತು. 10 ದಿನಗಳಲ್ಲಿ 10 ಲಕ್ಷ ಡೌನ್‌ಲೋಡ್ ಎಂಬುದು ಗುರಿ. ಸುಮಾರು 100 ಗಂಟೆಗಳಲ್ಲೇ ಅದು ಈಡೇರಿತು. ಬೆಂಬಲಿಗರು ತಮ್ಮ ಜಾಲತಾಣಗಳಲ್ಲಿ ಫೈರ್‌ಫಾಕ್ಸ್‌ನ ಚಿಕ್ಕ ಗುಂಡಿಯೊಂದನ್ನು ಇಟ್ಟರೆ, ಅದರ ಮೂಲಕ ಬಂದವರ ಲೆಕ್ಕದಲ್ಲಿ ಅಂಕಗಳು ದೊರೆಯುತ್ತಿದ್ದವು. ಬಳಿಕ ಪತ್ರಿಕಾ ಜಾಹೀರಾತಿಗಾಗಿ ದೇಣಿಗೆ ಸಂಗ್ರಹ ನಡೆಯಿತು. ನವೆಂಬರ್ 9ರಂದು 1.0 ಆವೃತ್ತಿ ಹೊರಬಂದಿತು. ಡಿಸೆಂಬರ್ 16ರ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಎರಡು ಪುಟಗಳ ಜಾಹೀರಾತು, ಸುಮಾರು 10 ಸಾವಿರ ದಾನಿಗಳ ಹೆಸರುಗಳೊಂದಿಗೆ ಪ್ರಕಟವಾಯಿತು. 2005ರ ಅಕ್ಟೋಬರ್ ವೇಳೆಗೆ ಡೌನ್‌ಲೋಡ್‌ಗಳ ಸಂಖ್ಯೆ 10 ಕೋಟಿ ಮುಟ್ಟಿತ್ತು.

ಇದರ ಗುಟ್ಟು ಸರಳ. 'ನಮ್ಮನ್ನು ಬೆಂಬಲಿಸಿ' ಎಂದು ಮೊಜಿಲ್ಲಾ ಸುಮ್ಮನೆ ಕೇಳಿಕೊಳ್ಳಲಿಲ್ಲ. ಪ್ರತಿಯೊಬ್ಬರಿಗೂ ಐದು ನಿಮಿಷದಲ್ಲಿ ಮುಗಿಯುವ ಕೆಲಸ ಕೊಟ್ಟಿತು, ಗಡುವು ಹೇಳಿತು, ಫಲವನ್ನು ಎಲ್ಲರಿಗೂ ಕಾಣುವಂತೆ ತೋರಿಸಿತು.

ಬಾಗಿಲಲ್ಲೇ ನೂಕುನುಗ್ಗಲು

2008ರ ಜೂನ್ 17ರಂದು ಫೈರ್‌ಫಾಕ್ಸ್ 3 ಬಿಡುಗಡೆಯಾದಾಗ ಗಿನ್ನೆಸ್ ದಾಖಲೆಗೆ ಯತ್ನಿಸಲಾಯಿತು. ಡೌನ್‌ಲೋಡ್ ಮಾಡಿಕೊಳ್ಳುವುದಾಗಿ ಲಕ್ಷಾಂತರ ಜನ ಮೊದಲೇ ಮಾತು ಕೊಟ್ಟಿದ್ದರು. ಆದರೆ ಸಮಯ ಬಂದಾಗ ಮೊಜಿಲ್ಲಾದ ಜಾಲತಾಣವೇ ದಟ್ಟಣೆ ತಾಳದೆ ತತ್ತರಿಸಿತು. ಹೀಗಾಗಿ 24 ಗಂಟೆಗಳ ಎಣಿಕೆ ತಡವಾಗಿ ಆರಂಭವಾಯಿತು. ಆಗ ನಮ್ಮಲ್ಲಿ ರಾತ್ರಿ 11.46. ಕೊನೆಗೆ 80,02,530 ಡೌನ್‌ಲೋಡ್‌ಗಳೊಂದಿಗೆ ದಾಖಲೆ ಸಿದ್ಧಿಸಿತಾದರೂ, ಅತಿಥಿಗಳನ್ನು ಕರೆಯುವ ಮುನ್ನ ಚಪ್ಪರ ಗಟ್ಟಿಯಿದೆಯೇ ಎಂದು ನೋಡಬೇಕೆಂಬ ಎಚ್ಚರಿಕೆಯನ್ನೂ ಅದು ನೀಡಿತು.

ಯೋಜನೆ ಹೇಗಿರಬೇಕು?

ಮೊದಲನೆಯದಾಗಿ, ಬಿಡುಗಡೆಗೆ ತಿಂಗಳುಗಳ ಮುನ್ನವೇ ಸೂಕ್ತ ಸಮುದಾಯಗಳನ್ನು ಗುರುತಿಸಿ ಅಲ್ಲಿ ಸದಸ್ಯರಾಗಿ ಬೆರೆಯಬೇಕು. ಲೆಕ್ಕಪತ್ರದ ತಂತ್ರಾಂಶವಾದರೆ ತಂತ್ರಜ್ಞರಿಗಿಂತ ಲೆಕ್ಕಿಗರು, ವರ್ತಕರು ಸೇರುವ ಗುಂಪುಗಳೇ ಮುಖ್ಯ. ಸ್ವಂತ ಪ್ರಚಾರದ ಬಗ್ಗೆ ಪ್ರತಿ ಗುಂಪಿಗೂ ತನ್ನದೇ ನಿಯಮವಿರುತ್ತದೆ. ಅದನ್ನು ಓದಿ, ಸಂದೇಹವಿದ್ದರೆ ನಿರ್ವಾಹಕರ ಅನುಮತಿ ಪಡೆಯಬೇಕು.

ಎರಡನೆಯದಾಗಿ, ಆಯ್ದ ಕೆಲವರಿಗೆ ಪರೀಕ್ಷಾರ್ಥ ಆವೃತ್ತಿ ನೀಡಬೇಕು. ಅವರು ತೋರಿಸಿದ ದೋಷವನ್ನು ತಿದ್ದಿ, ತಿದ್ದಿದ್ದನ್ನು ಅವರಿಗೇ ತಿಳಿಸಬೇಕು. ನಾಳೆ ನಿಮ್ಮ ಪರವಾಗಿ ಮಾತನಾಡುವವರು ಇವರೇ.

ಮೂರನೆಯದಾಗಿ, ಬಿಡುಗಡೆಯ ದಿನ ತಯಾರಕರು ತಾವೆಂದು ಹೇಳಿಕೊಂಡೇ ಪ್ರಕಟಣೆ ನೀಡಬೇಕು. ಬೇರೆ ಹೆಸರಿನಲ್ಲಿ ಹೊಗಳಿಕೆ ಬರೆಯುವುದು ಆತ್ಮಹತ್ಯೆಗೆ ಸಮ. ಅಂದು ಇಡೀ ದಿನ ಪ್ರಶ್ನೆಗಳಿಗೆ ಉತ್ತರಿಸಲು ಸಿಬ್ಬಂದಿ ಸಿದ್ಧವಿರಬೇಕು.

ಇಷ್ಟೆಲ್ಲ ಮಾಡಿದರೂ ಬಿಡುಗಡೆಯೇ ಗೆಲುವಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಕ್ರೋಮ್ ಬಂದ ಮೇಲೆ ಫೈರ್‌ಫಾಕ್ಸ್ ಕ್ರಮೇಣ ಹಿಂದೆ ಬಿದ್ದಿತು. ಇಂದು ಅದರ ಪಾಲು ಶೇ. 10ಕ್ಕಿಂತ ಕಡಿಮೆ. ಆದರೂ ಅದು ಕನ್ನಡವೂ ಸೇರಿದಂತೆ ಹತ್ತಾರು ಭಾಷೆಗಳಲ್ಲಿ ಲಭ್ಯವಿದೆ. ಆ ಅನುವಾದಗಳ ಹಿಂದಿರುವುದು ಸ್ವಯಂಸೇವಕರ ದುಡಿಮೆ. ಜಾಹೀರಾತಿಗೆ ಹಣ ಸುರಿದು ಗ್ರಾಹಕರನ್ನು ಸೆಳೆಯಬಹುದು. ಇಂತಹ ಬಳಗವನ್ನು ಮಾತ್ರ ದುಡಿದೇ ಗಳಿಸಬೇಕು.