ಗಾಳಿಗೆ ಮಣಿಯುವ ಮೇಲ್ಕಟ್ಟು

ಮಂಟಪವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕಲ್ಲಿನ ಕಂಬ. ಬರಿಯ ನೂಲಿನಿಂದ ಹೆಣೆದ, ಗಾಳಿಗೆ ಬಳುಕುವ, ನೋಡುವವನ ಬೆರಳಾಟಕ್ಕೆ ಬಣ್ಣ ಬದಲಿಸುವ ಮೇಲ್ಕಟ್ಟೊಂದನ್ನು ಊರ ನಡುವೆ ತೂಗಬಹುದೆಂದರೆ ವಾಚಕರು ನಕ್ಕಾರು. ಆದರೆ 2014ರ ಮಾರ್ಚ್ ತಿಂಗಳಲ್ಲಿ ಕೆನಡದ ವ್ಯಾಂಕೂವರ್ ನಗರದ ಜನ ಅದನ್ನು ಕಂಡರು. ಕಂಡದ್ದಷ್ಟೇ ಅಲ್ಲ, ಆಡಿಸಿದರು.

ಇದರ ಮೂಲವಿರುವುದು ನಮ್ಮ ನೆರೆಯ ಮಹಾಬಲಿಪುರದ ಮರಳಿನಲ್ಲಿ. 1997ರಲ್ಲಿ ಜಾನೆಟ್ ಎಶೆಲ್ಮನ್ ಎಂಬ ಅಮೆರಿಕದ ಚಿತ್ರಕಾರ್ತಿ ಫುಲ್‌ಬ್ರೈಟ್ ವೇತನ ಪಡೆದು ಭಾರತಕ್ಕೆ ಬಂದರು. ಚಿತ್ರಪ್ರದರ್ಶನದ ಮಾತು ಕೊಟ್ಟಾಗಿತ್ತು. ಅವರು ಬಂದರು, ಬಣ್ಣಗಳು ಬರಲಿಲ್ಲ! ಮಹಾಬಲಿಪುರವೆಂದರೆ ಶಿಲ್ಪಿಗಳ ಊರು. ಅಲ್ಲಿ ಕಂಚಿನ ಎರಕಕ್ಕೆ ಕೈಹಾಕಿದರು. ಕಂಚು ಭಾರ, ಮೇಲಾಗಿ ದುಬಾರಿ; ದೊಡ್ಡದಾಗಿ ಮಾಡುವಂತೆಯೇ ಇಲ್ಲ. ಹೀಗಿರುವಾಗ ಒಂದು ದಿನ, ಬೆಸ್ತರು ಕಡಲ ದಂಡೆಯಲ್ಲಿ ಬಲೆಗಳನ್ನು ರಾಶಿ ಹಾಕುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತು. ದಿನವೂ ಕಂಡ ನೋಟವೇ. ಅಂದು ಮಾತ್ರ, ಭಾರವಿಲ್ಲದೆ ಗಾತ್ರ ಪಡೆಯುವ ದಾರಿ ಅಲ್ಲಿ ಹೊಳೆಯಿತು. ಬೆಸ್ತರೊಡನೆ ಕೂಡಿ ಮಾಡಿದ ಬಲೆಯ ಶಿಲ್ಪಗಳನ್ನು ಕಂಬಕ್ಕೇರಿಸಿದಾಗ ಗಾಳಿ ಅವಕ್ಕೆ ಕ್ಷಣಕ್ಕೊಂದು ರೂಪು ಕೊಟ್ಟಿತು.

ಕಡಲ ದಂಡೆಯ ಆಟ ಬೇರೆ, ನಗರದ ಚೌಕ ಬೇರೆ. ಪೋರ್ಚುಗಲ್ಲಿನ ಪೋರ್ಟೊ ಬಳಿಯ ಕಡಲ ಚೌಕವೊಂದಕ್ಕೆ ಶಾಶ್ವತವಾದ ಬಲೆಶಿಲ್ಪ ಬೇಕಾದಾಗ, ಬಿಸಿಲು, ಉಪ್ಪುಗಾಳಿ, ಹೊಗೆಗಳನ್ನು ತಾಳುವ ನೂಲನ್ನು ಹುಡುಕುವುದಕ್ಕೇ ಎರಡು ವರ್ಷ ಹಿಡಿಯಿತು. ಲೆಕ್ಕಾಚಾರಕ್ಕೆ ಒದಗಿದವರು ಪಂದ್ಯದ ದೋಣಿಗಳಿಗೆ ಹಾಯಿ ರೂಪಿಸುವ ಎಂಜಿನಿಯರು ಪೀಟರ್ ಹೆಪ್ಪೆಲ್. ಹಗ್ಗವನ್ನು ಎಳೆಯಬಹುದು, ತಳ್ಳಲಾಗದು; ನೂಲಿನ ಕಟ್ಟಡದ ಕಷ್ಟವೆಲ್ಲ ಇಷ್ಟರಲ್ಲೇ ಇದೆ. ಎಲ್ಲ ದಿಕ್ಕಿನಿಂದಲೂ ಎಳೆದು ಬಿಗಿದರೆ ಮಾತ್ರ ಅದಕ್ಕೆ ಆಕಾರ. ಇಡಿಯ ಬಟ್ಟೆಯಾದರೆ ಗಾಳಿಯ ಹೊಡೆತವನ್ನೆಲ್ಲ ತಾನೇ ಹೊರಬೇಕು. ಬಲೆಯ ಕಣ್ಣುಗಳೋ ಅದರಲ್ಲಿ ಬಹುಪಾಲನ್ನು ಸಾಗಗೊಟ್ಟು, ಉಳಿದುದನ್ನು ಹಗ್ಗಗಳ ಮೂಲಕ ಆಸರೆಗಳಿಗೆ ದಾಟಿಸುತ್ತವೆ. 2005ರಲ್ಲಿ ಅದು ಮೇಲೆದ್ದಿತು.

ವ್ಯಾಂಕೂವರಿನಲ್ಲಿ ಹೊಸ ಕಂಬಗಳನ್ನೇ ನೆಡಲಿಲ್ಲ. ಒಂದು ಹೋಟೆಲಿಗೂ ಸಮಾವೇಶ ಭವನಕ್ಕೂ ನಡುವೆ 745 ಅಡಿ ಉದ್ದದ ಬಲೆಯನ್ನು ಬಿಗಿದರು. ಅದರ ನೂಲು ತೂಕಕ್ಕೆ ತೂಕ ಉಕ್ಕಿಗಿಂತ 15 ಪಟ್ಟು ಗಟ್ಟಿ. ಕತ್ತಲಾದ ಮೇಲೆ ಕೆಳಗೆ ನಿಂತವರು ತಮ್ಮ ಮೊಬೈಲಿನ ಮೇಲೆ ಬೆರಳೆಳೆದರೆ ಆ ಗೆರೆ ಬೆಳಕಾಗಿ ಮೇಲಿನ ಬಲೆಯಲ್ಲಿ ಹರಿಯುತ್ತಿತ್ತು. ಈ ಏರ್ಪಾಡಿನಲ್ಲಿ ಎಶೆಲ್ಮನ್ನರ ಜೊತೆಗಾರರು ಆರನ್ ಕೋಬ್ಲಿನ್.

ನನಗೆ ಸೋಜಿಗವೆನಿಸುವುದು ಯಂತ್ರಚಮತ್ಕಾರವಲ್ಲ. ನಮ್ಮ ಚೌಕಗಳಲ್ಲಿ ಪ್ರತಿಮೆಯೆಂದರೆ ಸುತ್ತ ಕಬ್ಬಿಣದ ಬೇಲಿ, ಮುಟ್ಟಕೂಡದೆಂಬ ಹಲಗೆ. ಇಲ್ಲಿ ಕಲಾವಿದೆ ಆಕಾರವನ್ನು ಗಾಳಿಗೆ ಬಿಟ್ಟುಕೊಟ್ಟರು, ಬಣ್ಣವನ್ನು ದಾರಿಹೋಕರಿಗೆ ಬಿಟ್ಟುಕೊಟ್ಟರು. ಅವರು ಗೀಚಿ ಕೆಡಿಸಿಯಾರೆಂಬ ಭಯವಿರಲಿಲ್ಲವೆ? ಇದ್ದಿದ್ದರೂ ಸಹಿಸಿಕೊಂಡರೆನ್ನಬೇಕು. ಒಬ್ಬನ ಗೆರೆ ಮಾಸುವಷ್ಟರಲ್ಲಿ ಮತ್ತೊಬ್ಬ ಅಪರಿಚಿತನ ಗೆರೆ ಅದರ ಮೇಲೆ ಹರಿದಿರುತ್ತಿತ್ತು. ಅಷ್ಟರಲ್ಲಿ ಕಡಲ ಗಾಳಿ ಬೀಸಿ, ಎರಡೂ ಓಲಾಡುತ್ತಿದ್ದವು.